ಕಿಂತಾಯ್‌ಕ್ಯೋ: ಇಬ್ಬರು ಹೆಣ್ಮಕ್ಕಳ ಕಥೆ, ಒಂದು ಊರಿನ ಅಕ್ಕಿ, ಐದು ಕಮಾನಿನ ಸೇತುವೆ

ಜಪಾನಿನ ಯಾಮಾಗುಚಿ ಪ್ರಾಂತ್ಯದಲ್ಲಿ ಇವಾಕುನಿ ಅಂತ ಒಂದು ಊರಿದೆ, ಹಿರೋಶಿಮಾಕ್ಕೆ ಹೋದವರು ಲೋಕಲ್ ಟ್ರೇನ್ ಹತ್ತಿದ್ರೆ ಒಂದು ಗಂಟೆ ಒಳಗೆ ತಲುಪಬಹುದು. ಆ ಊರಿನ ನಿಶಿಕಿ ನದಿ ಮೇಲೆ ಮರದ ಸೇತುವೆ ಒಂದಿದೆ, ಹೆಸರು ಕಿಂತಾಯ್‌ಕ್ಯೋ. ಸಾಲಾಗಿ ಐದು ಕಮಾನು, ಮಧ್ಯ ನಾಲ್ಕು ಕಲ್ಲಿನ ದಿಮ್ಮಿಯಂಥ ಕಟ್ಟೆಗಳು, ಹಿಂದೆ ಗುಡ್ಡ, ಗುಡ್ಡದ ತುದೀಲಿ ಕೋಟೆ. ಚೆರ್ರಿ ಹೂವು ಬಿಟ್ಟಾಗ ತೆಗೆದ ಇದರ ಫೋಟೋ ನೀವು ಎಲ್ಲಾದ್ರೂ ಕ್ಯಾಲೆಂಡರ್‌ನಲ್ಲೋ ವಾಲ್‌ಪೇಪರ್‌ನಲ್ಲೋ ನೋಡೇ ಇರ್ತೀರ. ನಾನೂ ಮೊದಲು ಫೋಟೋ ನೋಡೇ ಹೋಗಿದ್ದು, ಆದ್ರೆ ಅಲ್ಲಿಂದ ಬಂದ ಮೇಲೆ ತಲೇಲಿ ಕೂತಿದ್ದು ಚೆರ್ರಿ ಹೂವಲ್ಲ, ಈ ಸೇತುವೆ ಯಾಕೆ ಹುಟ್ಟಿತು, ಯಾರು ಇದಕ್ಕೆ ಬೆಲೆ ತೆತ್ತರು ಅನ್ನೋದು. ಅದನ್ನೇ ಇಲ್ಲಿ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ಕಥೆ ಶುರುವಾಗೋದು ಸೇತುವೆಯಿಂದ ಅಲ್ಲ, ಯುದ್ಧದಿಂದ. 1600ರಲ್ಲಿ ಸೆಕಿಗಹಾರಾ ಯುದ್ಧ ಆಯ್ತು, ಆಮೇಲೆ ಇಡೀ ಜಪಾನ್ ಆಳಿದ ಮನೆತನದ ತೊಕುಗಾವಾ ಇಯೆಯಾಸು ಗೆದ್ದ, ಸೋತ ಪಕ್ಷದಲ್ಲಿದ್ದ ಮೋರಿ ಮನೆತನದ ರಾಜ್ಯ ಕತ್ತರಿಸಿ ಕತ್ತರಿಸಿ ಎರಡೇ ಪ್ರಾಂತ್ಯಕ್ಕೆ ಇಳೀತು. ಆ ಮೋರಿಗಳ ಕಡೆಯವನೇ ಕಿಕ್ಕಾವಾ ಹಿರೋಯಿಯೆ. ಯುದ್ಧದ ದಿನ ಒಳಗೊಳಗೇ ತೊಕುಗಾವಾ ಜೊತೆ ಮಾತಾಡ್ಕೊಂಡು ಮೋರಿ ಸೈನ್ಯ ಕದಲದ ಹಾಗೆ ತಡೆದವನು, ಹಾಗಾಗಿ ಮನೆತನ ಪೂರ್ತಿ ನಾಶ ಆಗೋದು ತಪ್ಪಿತು ಅಂತಾನೂ ಹೇಳ್ತಾರೆ, ದ್ರೋಹ ಮಾಡಿದ ಅಂತ ಬೈದವರೂ ಇದ್ದಾರೆ. ಅವನ ಪಾಲಿಗೆ ಬಂದಿದ್ದು ಪೂರ್ವದ ಗಡಿಯ ಇವಾಕುನಿ. ಇನ್ನೊಂದು ಯುದ್ಧ ಯಾವತ್ತಾದ್ರೂ ಬರಬಹುದು ಅನ್ನೋ ಲೆಕ್ಕದಲ್ಲೇ ಅವನು ಜಾಗ ಹುಡುಕಿದ. ನಿಶಿಕಿ ನದಿ ಒಂದು ಗುಡ್ಡವನ್ನ ಮೂರು ಕಡೆ ಬಳಸ್ಕೊಂಡು ಹೋಗುತ್ತೆ, ಕಂದಕ ತೋಡೋ ಖರ್ಚೇ ಇಲ್ಲ, ಹೊಳೆಯೇ ಕಂದಕ. ಆ ಗುಡ್ಡದ ಮೇಲೆ ಕೋಟೆ ಕಟ್ಟಿಸಿದ, 1608ಕ್ಕೆ ಮುಗೀತು.

ಏಳು ವರ್ಷ ಅಷ್ಟೇ. 1615ರಲ್ಲಿ ತೊಕುಗಾವಾ ಸರ್ಕಾರ ಒಂದು ಸೀಮೆಗೆ ಒಂದೇ ಕೋಟೆ ಇರಬೇಕು ಅಂತ ಆರ್ಡರ್ ಮಾಡ್ತು, ಹಿರೋಯಿಯೆ ತನ್ನ ಹೊಸ ಕೋಟೇನ ತಾನೇ ಕೆಡವಬೇಕಾಯ್ತು. ಕೋಟೆ ಹೋಯ್ತು, ಯುದ್ಧಾನೂ ಬರಲಿಲ್ಲ, ಆದ್ರೆ ಕೋಟೆ ನೋಡ್ಕೊಂಡು ಕಟ್ಟಿದ ಊರು ಹಾಗೇ ಉಳೀತು. ಗುಡ್ಡದ ಕೆಳಗಿನ ಯೊಕೊಯಾಮಾ ಕಡೆ ದೊರೆಯ ಮನೆ, ಕಚೇರಿ, ದೊಡ್ಡ ಸಮುರಾಯ್‌ಗಳ ಮನೆಗಳು. ನದಿಯ ಆಚೆ ದಡದಲ್ಲಿ ಉಳಿದ ಸಮುರಾಯ್‌ಗಳು, ವ್ಯಾಪಾರಿಗಳು, ಕಸುಬುದಾರರು, ಅಂದ್ರೆ ಊರಿನ ಬಹುಪಾಲು ಜನ. ಮಧ್ಯ ಸುಮಾರು ಇನ್ನೂರು ಮೀಟರ್ ಅಗಲದ ಹೊಳೆ. ಶತ್ರುವನ್ನ ತಡೀಲಿ ಅಂತ ಆರಿಸ್ಕೊಂಡ ನೀರು ಈಗ ಊರಿನವರನ್ನೇ ತಡೀತಾ ಇತ್ತು. ಮಳೆಗಾಲದಲ್ಲಿ ಹೊಳೆ ತುಂಬಿದ್ರೆ ದೊರೆಯ ಕಚೇರಿಗೂ ಊರಿಗೂ ಸಂಬಂಧ ಕಟ್. ಸೇತುವೆ ಕಟ್ಟೋದು, ನೆರೆ ಬಂದು ಕೊಚ್ಚಿಕೊಂಡು ಹೋಗೋದು, ಮತ್ತೆ ಕಟ್ಟೋದು, ಮತ್ತೆ ಹೋಗೋದು, ಇದೇ ಆಗಿತ್ತು.

ಮರದ ಸೇತುವೆ ಯಾಕೆ ಹೋಗುತ್ತೆ ಅನ್ನೋದು ಹೊಳೆ ಪಕ್ಕದ ಊರಿನವರಿಗೆ ಹೇಳ್ಬೇಕಾಗಿಲ್ಲ. ನೀರಲ್ಲಿ ಸಾಲಾಗಿ ಕಂಬ ನೆಟ್ಟಿದ್ರೆ ತೇಲಿಬರೋ ಮರ, ಕೊಂಬೆ, ಕಸ ಎಲ್ಲ ಅಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ, ಅದರ ಹಿಂದೆ ನೀರು ಏರುತ್ತೆ, ಆ ಒತ್ತಡಕ್ಕೆ ಕಂಬ ಮುರಿಯುತ್ತೆ. ಹಾಗಾದ್ರೆ ಕಂಬಾನೇ ಇಲ್ದೆ ಸೇತುವೆ ಕಟ್ಟಬೇಕು. ಇನ್ನೂರು ಮೀಟರ್ ಹೊಳೆಗೆ ಕಂಬ ಇಲ್ದೆ ಮರದ ಸೇತುವೆ, ಹದಿನೇಳನೇ ಶತಮಾನದಲ್ಲಿ! ಇದನ್ನ ತಲೆಗೆ ಹಚ್ಕೊಂಡವನು ಮೂರನೇ ದೊರೆ ಕಿಕ್ಕಾವಾ ಹಿರೋಯೋಶಿ.

ಅವನಿಗೆ ಐಡಿಯಾ ಹೇಗೆ ಹೊಳೀತು ಅನ್ನೋದಕ್ಕೆ ಊರಲ್ಲಿ ಒಂದು ಕಥೆ ಇದೆ. ಮೋಚಿ, ಅಂದ್ರೆ ಅಂಟಕ್ಕಿಯ ಕಡುಬಿನಂಥದ್ದು, ಅದನ್ನ ಹಪ್ಪಳದ ಥರ ತೆಳ್ಳಗೆ ಮಾಡಿ ಒಣಗಿಸಿದ್ದನ್ನ ಕೆಂಡದ ಮೇಲೆ ಸುಡ್ತಾ ಇದ್ದನಂತೆ, ಅದು ಬಿಸಿಗೆ ಬಾಗಿ ಕಮಾನಾಗಿ ಎದ್ದಿದ್ದು ನೋಡಿ ಹೀಗೇ ಸೇತುವೆ ಕಟ್ಟೋಣ ಅಂದನಂತೆ. ಮುದ್ದಾದ ಕಥೆ. ಆದ್ರೆ ನನಗೆ ಜಾಸ್ತಿ ಇಷ್ಟ ಆಗೋದು ಇನ್ನೊಂದು, ಅದು ನಡೆದ ವಿಷಯ. ಚೀನಾದಲ್ಲಿ ಮಿಂಗ್ ರಾಜವಂಶ ಬಿದ್ದಮೇಲೆ ಹಾಂಗ್‌ಝೌ ಊರಿನ ಒಬ್ಬ ವಿದ್ವಾಂಸ ವೈದ್ಯ 1653ರಲ್ಲಿ ನಾಗಾಸಾಕಿಗೆ ಬಂದಿಳಿದ, ಅಲ್ಲೇ ಸನ್ಯಾಸಿ ಆದ, ಜಪಾನೀಯರು ಅವನನ್ನ ದೊಕುರ್ಯೂ ಅಂತ ಕರೀತಾರೆ. ಹಿರೋಯೋಶಿಗೆ ಆರೋಗ್ಯ ಸರಿ ಇರ್ತಿರಲಿಲ್ಲ, ಹಾಗಾಗಿ ಈ ಸನ್ಯಾಸೀನ ಔಷಧಿ ಕೊಡೋಕೆ ಇವಾಕುನಿಗೆ ಕರೆಸ್ಕೊಂಡ. ರೋಗಿ, ವೈದ್ಯ ಇಬ್ಬರೂ ಮಾತಾಡ್ತಾ ಹಾಂಗ್‌ಝೌ ಪಶ್ಚಿಮ ಸರೋವರದ ಸುದ್ದಿ ಬಂತು, ಆ ಸರೋವರದ ಬಗ್ಗೆ ಇದ್ದ ಚೀನೀ ಪುಸ್ತಕದ ಚಿತ್ರದಲ್ಲಿ ಸಣ್ಣ ಸಣ್ಣ ದ್ವೀಪಗಳ ನಡುವೆ ಸೇತುವೆಗಳು ಒಂದಾದ ಮೇಲೊಂದು ಹಾರಿ ಹಾರಿ ಹೋಗೋದು ಕಾಣಿಸ್ತು. ಹಿರೋಯೋಶಿಗೆ ಬೇಕಾಗಿದ್ದ ಉತ್ತರ ಅಲ್ಲಿ ಸಿಕ್ತು. ಇಡೀ ಹೊಳೇನ ಒಂದೇ ಏಟಿಗೆ ದಾಟೋಕೆ ಆಗಲ್ಲ ಸರಿ, ಹೊಳೆ ಮಧ್ಯದಲ್ಲೇ ಕಲ್ಲಿನ ದ್ವೀಪ ಕಟ್ಟಿದ್ರೆ? ದ್ವೀಪದಿಂದ ದ್ವೀಪಕ್ಕೆ ಒಂದೊಂದು ಕಮಾನು ಹಾಕಿದ್ರೆ? ತನ್ನ ದೇಶ ಕಳ್ಕೊಂಡು ಬಂದ ಒಬ್ಬ ಮನುಷ್ಯ ತನ್ನೂರಿನ ಕೆರೆ ನೆನಪನ್ನ ಇನ್ನೊಬ್ಬರ ಊರಿಗೆ ಕೊಟ್ಟು ಹೋದ ಅನ್ನೋದು ಯೋಚಿಸಿದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತೆ.

1673ರಲ್ಲಿ ಸೇತುವೆ ಆಯ್ತು. 1674ರ ನೆರೆಗೆ ಹೋಯ್ತು.

ಹೌದು, ಒಂದು ವರ್ಷಾನೂ ನಿಲ್ಲಲಿಲ್ಲ. ಕಮಾನು ತಪ್ಪಾಗಿರಲಿಲ್ಲ, ಕಲ್ಲಿನ ಕಟ್ಟೆಗಳ ಬುಡ ಹೋಗಿತ್ತು. ನೀರು ಜೋರಾದಾಗ ಕಟ್ಟೆಯ ಬುಡದ ಸುತ್ತ ಸುಳಿ ಎದ್ದು ಕೆಳಗಿನ ಜಲ್ಲಿ, ಮರಳನ್ನ ಕೊರೆದು ಕೊರೆದು ತೆಗೆಯುತ್ತೆ, ಪಾಯದ ಕೆಳಗೆ ಟೊಳ್ಳಾದ್ರೆ ಮೇಲೆ ಎಷ್ಟೇ ಗಟ್ಟಿ ಇದ್ರೂ ಕೂತ್ಕೊಂಡುಬಿಡುತ್ತೆ. ಇಷ್ಟಾದ್ರೂ ಅವರು ಕೈ ಬಿಡಲಿಲ್ಲ ನೋಡಿ, ಅದೇ ವರ್ಷ ಮತ್ತೆ ಕಟ್ಟಿದ್ರು. ಈ ಸಲ ಕಟ್ಟೆಗಳನ್ನ ಬಲಪಡಿಸಿದ್ದಲ್ಲದೆ ಹೊಳೆಯ ತಳಕ್ಕೇ ಕಲ್ಲು ಹಾಸಿದ್ರು, ಮನೆ ಅಂಗಳಕ್ಕೆ ಹಾಸ್ತೀವಲ್ಲ ಹಾಗೆ, ಸೇತುವೆಯ ಮೇಲ್ಬದಿ ಕೆಳಬದಿ ಎರಡೂ ಕಡೆ. ಕಟ್ಟೆಗಳ ಆಕಾರಾನೂ ನೋಡೋ ಹಾಗಿದೆ, ಎರಡೂ ತುದಿ ಚೂಪು, ದೋಣಿ ಥರ, ನೀರು ಸೀಳ್ಕೊಂಡು ಪಕ್ಕಕ್ಕೆ ಹೋಗ್ಲಿ ಅಂತ. ಆಮೇಲೆ ಅದು ನಿಂತಿದ್ದು 276 ವರ್ಷ.

ಈಗ ಸೇತುವೆಯ ಕೆಳಗೆ ಬನ್ನಿ. ಅಲ್ಲಿಗೆ ಹೋದ ಟೂರಿಸ್ಟ್‌ಗಳು ಬಹಳಷ್ಟು ಜನ ಮೇಲೆ ನಡ್ಕೊಂಡು ಹೋಗಿ, ಸೆಲ್ಫಿ ತಕ್ಕೊಂಡು, ವಾಪಸ್ ಬರ್ತಾರೆ, ಆದ್ರೆ ಇದರ ಜೀವ ಇರೋದೇ ಅಡಿಯಲ್ಲಿ. ನೀರು ಕಮ್ಮಿ ಇದ್ದಾಗ ಹೊಳೆಯ ಉರುಟುಗಲ್ಲಿನ ಮೇಲೆ ಇಳಿದು ಕಮಾನಿನ ಅಡಿಗೇ ಹೋಗಿ ತಲೆ ಎತ್ತಿದ್ರೆ ತೊಲೆಗಳು ಕಾಣುತ್ತೆ. ಮಧ್ಯದ ಮೂರು ಕಮಾನು ತಲಾ 35 ಮೀಟರ್ ಚಿಲ್ಲರೆ, ಕೆಳಗೆ ಒಂದು ಕಂಬಾನೂ ಇಲ್ಲ. ಎರಡೂ ಕಟ್ಟೆಯಿಂದ ತೊಲೆಗಳು ಹೊರಟಿವೆ, ಒಂದು ತೊಲೆ ಮೇಲೆ ಇನ್ನೊಂದು, ಪ್ರತಿಯೊಂದೂ ಕೆಳಗಿನದಕ್ಕಿಂತ ಸ್ವಲ್ಪ ಮುಂದಕ್ಕೆ ಚಾಚಿಕೊಂಡು, ತೊಲೆ ತೊಲೆ ನಡುವೆ ಬೆಣೆ ಕೊಟ್ಟು ಬಾಗು ತಂದಿದ್ದಾರೆ. ಹೀಗೇ ಎರಡೂ ಕಡೆಯಿಂದ ಬಂದು ನಡುವೆ ಸೇರುತ್ತೆ. ಮೇಲೆ ಭಾರ ಬಿದ್ದಷ್ಟೂ ತೊಲೆಗಳು ಒಂದಕ್ಕೊಂದು ಒತ್ಕೊಂಡು ಬಿಗಿಯಾಗ್ತವೆ. ಒಂದು ಮೊಳೆನೂ ಇಲ್ಲ ಅಂತ ಸುಮಾರು ಕಡೆ ಬರೆದಿರ್ತಾರೆ, ಅದು ಸರಿಯಲ್ಲ, ತೊಲೆಗಳನ್ನ ಸುತ್ತಿ ಹಿಡಿದ ಕಬ್ಬಿಣದ ಪಟ್ಟಿಗಳು, ಕೊಂಡಿಗಳು ಕಣ್ಣಿಗೇ ಕಾಣುತ್ತೆ, ಮೊಳೇನೂ ಇದೆ, ಆದ್ರೆ ಸೇತುವೆ ನಿಂತಿರೋದು ಮರ ಮರಕ್ಕೆ ಕೊಡೋ ಒತ್ತಿನಿಂದ. ಪಕ್ಕದಿಂದ ನೋಡಿದ್ರೆ ತೊಲೆಗಳ ಮೇಲೆ ಓರೆಯಾಗಿ ಹಾಕಿದ ಇನ್ನಷ್ಟು ಮರದ ತುಂಡುಗಳಿವೆ, ಜನ ನಡೆದಾಗ ಕಮಾನು ತೂಗಾಡೋದು ಕಮ್ಮಿ ಆಗ್ಲಿ ಅಂತ ಆಮೇಲೆ ಸೇರಿಸಿದ್ದು. ಆರು ಜಾತಿ ಮರ ಬಳಸ್ತಾರೆ, ಕೆಂಪು ಪೈನ್, ಕೆಯಾಕಿ, ಹಿನೋಕಿ, ಚೆಸ್ಟ್‌ನಟ್, ಓಕ್, ಹಿಬಾ. ಭಾರ ಹೊರೋ ಕಡೆ ಒಂದು, ನೀರು ತಾಗೋ ಕಡೆ ಇನ್ನೊಂದು, ಕಾಲು ಸವೆಸೋ ಹಲಗೆಗೆ ಮತ್ತೊಂದು. ಬಡಗಿ ಮನೆತನದಲ್ಲಿ ಹುಟ್ಟಿದವರು ಯಾರಾದ್ರೂ ಓದ್ತಾ ಇದ್ರೆ ನಿಮಗೆ ಇದರ ರುಚಿ ನನಗಿಂತ ಚೆನ್ನಾಗಿ ಗೊತ್ತಾಗುತ್ತೆ.

ಮರ ಅಂದಮೇಲೆ ಕೊಳೆಯುತ್ತೆ. ಅದಕ್ಕೆ ಮೊದಲಿನಿಂದಲೂ ಲೆಕ್ಕ ಇಟ್ಕೊಂಡೇ ನಡೆಸಿದ್ರು, ಮಧ್ಯದ ಕಮಾನುಗಳನ್ನ ಹೆಚ್ಚುಕಮ್ಮಿ ಇಪ್ಪತ್ತು ವರ್ಷಕ್ಕೊಮ್ಮೆ, ತುದಿಯ ಎರಡನ್ನ ನಲವತ್ತು ವರ್ಷಕ್ಕೊಮ್ಮೆ ಬಿಚ್ಚಿ ಹೊಸದಾಗಿ ಕಟ್ಟೋದು. 276 ವರ್ಷ ನಿಂತಿತ್ತು ಅಂದ್ರೆ ಅದೇ ಮರ ನಿಂತಿತ್ತು ಅಂತಲ್ಲ, ತಾತ ಕಟ್ಟಿದ್ದನ್ನ ಅಪ್ಪ ಬಿಚ್ಚಿ ಕಟ್ಟಿದ, ಅಪ್ಪ ಕಟ್ಟಿದ್ದನ್ನ ಮಗ. ಬಡಗಿಗೆ ತನ್ನ ಆಯಸ್ಸಲ್ಲಿ ಕಲಿಯೋಕೆ ಒಂದು ಸಲ, ಮಾಡೋಕೆ ಒಂದು ಸಲ, ಕಲಿಸೋಕೆ ಒಂದು ಸಲ ಅವಕಾಶ ಸಿಕ್ತಿತ್ತು, ಇಪ್ಪತ್ತು ವರ್ಷ ಅನ್ನೋ ಅಂತರ ಅದಕ್ಕೆ ಸರಿಯಾಗಿ ಹೊಂದುತ್ತೆ. ನಕ್ಷೆಗಳನ್ನೂ ಇಟ್ಟಿದ್ದಾರೆ, ಉಳಿದಿರೋದ್ರಲ್ಲಿ ಹಳೇದು 1699ರದ್ದು.

ದುಡ್ಡು ಎಲ್ಲಿಂದ? ಸೇತುವೆ ಅಕ್ಕಿ ಅಂತ ಒಂದು ತೆರಿಗೆ ಹಾಕಿದ್ರು, ಸಮುರಾಯ್‌ಗಳಿಗೂ ಬಿಡದೆ ಸೀಮೆಯ ಜನರೆಲ್ಲ ಅದಕ್ಕೆ ಅಕ್ಕಿ ಕೊಡಬೇಕಿತ್ತು. ಆದ್ರೆ ಅಕ್ಕಿ ಕೊಟ್ಟವರೆಲ್ಲ ಆ ಸೇತುವೆ ಮೇಲೆ ನಡೆಯೋ ಹಾಗಿರಲಿಲ್ಲ! ಸಮುರಾಯ್‌ಗಳು, ಮತ್ತೆ ಪರವಾನಗಿ ಇದ್ದ ಕೆಲವು ವ್ಯಾಪಾರಿಗಳು, ಅಷ್ಟೇ. ಸಾಮಾನ್ಯ ಜನಕ್ಕೆ ಅದು ಮುಕ್ತ ಆಗಿದ್ದು 1868ರಲ್ಲಿ ಮೇಜಿ ಚಕ್ರವರ್ತಿಯ ಕಾಲ ಬಂದು ಸಮುರಾಯ್ ವ್ಯವಸ್ಥೆ ಹೋದಮೇಲೆ. ಅಂದ್ರೆ ಸುಮಾರು ಇನ್ನೂರು ವರ್ಷ ರೈತನೊಬ್ಬ ತನ್ನ ಅಕ್ಕಿಯಿಂದ ಎದ್ದ ಸೇತುವೇನ ದಡದಲ್ಲಿ ನಿಂತು ನೋಡ್ತಿದ್ದ. ಇದನ್ನ ಓದಿದಾಗ ನನಗೆ ನಿಜಕ್ಕೂ ಸಂಕಟ ಆಯ್ತು, ಈ ಸೇತುವೆಯ ಚಂದದ ಬಗ್ಗೆ ಬರೆಯೋರು ಇದನ್ನೂ ಒಂದು ಸಾಲಾದ್ರೂ ಬರೀಬೇಕು.

ಇನ್ನು ಬಲಿಯ ಕಥೆ. ಹಳೇ ಜಪಾನಲ್ಲಿ ಸೇತುವೆ, ಕೋಟೆ, ಒಡ್ಡು ಯಾವುದಾದ್ರೂ ಮತ್ತೆ ಮತ್ತೆ ಬಿದ್ರೆ ನೀರಿನ ದೇವರಿಗೆ ಸಿಟ್ಟು ಬಂದಿದೆ, ಪಾಯದಲ್ಲಿ ಮನುಷ್ಯರನ್ನ ಇಡಬೇಕು ಅನ್ನೋ ನಂಬಿಕೆ ಇತ್ತು, ಅಂಥ ಬಲಿಗೆ ಹಿತೊಬಾಶಿರಾ ಅಂತಾರೆ. ಕಿಂತಾಯ್‌ಕ್ಯೋ ಬಗ್ಗೆ ಊರಲ್ಲಿ ಹೇಳೋ ಕಥೆ ಹೀಗಿದೆ. ಸೇತುವೆ ನಿಲ್ತಾ ಇಲ್ಲ, ಬಲಿ ಬೇಕು ಅಂತ ಆಯ್ತು, ಯಾರನ್ನ ಕೊಡೋದು? ಒಬ್ಬ ಸಮುರಾಯ್ ಹೇಳಿದ, ಯಾರ ಹಕಾಮಾಗೆ ಅಡ್ಡ ತೇಪೆ ಹಾಕಿದೆಯೋ ಅವರನ್ನ ಕೊಡೋಣ ಅಂತ. (ಹಕಾಮಾ ಅಂದ್ರೆ ಅಗಲವಾದ ಪಾಯಿಜಾಮದಂಥ ಉಡುಪು.) ಎಲ್ಲರ ಬಟ್ಟೆ ನೋಡಿದ್ರು, ಅಡ್ಡ ತೇಪೆ ಇದ್ದಿದ್ದು ಹೇಳಿದವನ ಹಕಾಮಾಗೇ. ಮಾತು ಕೊಟ್ಟಾಗಿದೆ, ಹಿಂದೆ ಸರಿಯೋ ಹಾಗಿಲ್ಲ. ಆಗ ಅವನ ಇಬ್ಬರು ಹೆಣ್ಮಕ್ಕಳು, ಅಪ್ಪನ ಬದಲು ನಾವು ಹೋಗ್ತೀವಿ ಅಂತ ಬಂದು ಪಾಯ ಸೇರಿದ್ರು. ಸೇತುವೆ ನಿಂತಿತು. ಆಮೇಲಿಂದ ಸೇತುವೆ ಕೆಳಗಿನ ನೀರಲ್ಲಿ ಗೊಂಬೆ ಆಕಾರದ ಪುಟ್ಟ ಕಲ್ಲುಗಳು ಸಿಗೋಕೆ ಶುರುವಾಯ್ತು, ಅವು ಆ ಅಕ್ಕ ತಂಗಿಯ ರೂಪ ಅಂತ ಜನ ನಂಬಿದ್ರು.

ಭಾಗೀರಥಿಯ ಹಾಡು ಕೇಳ್ತಾ ಬೆಳೆದ ನಮಗೆ ಈ ಕಥೆ ಕೇಳಿದ ಕೂಡಲೇ ಹೊಟ್ಟೆಯಲ್ಲಿ ಏನೋ ಆಗುತ್ತೆ, ಬೇರೆ ಹೇಳೋದು ಬೇಡ.

ಈ ತೇಪೆಯ ಕಥೆ ಇವಾಕುನಿಯದ್ದು ಮಾತ್ರ ಅಲ್ಲ. ಒಸಾಕಾದ ಹಳೇ ನಾಗರಾ ಸೇತುವೆಗೂ ಇಂಥದ್ದೇ ಇದೆ, ಅಲ್ಲೂ ಸಲಹೆ ಕೊಟ್ಟವನೇ ತೇಪೆಯ ಹಕಾಮಾ ಹಾಕ್ಕೊಂಡಿದ್ದ. ಜಪಾನ್ ಸಮುದ್ರದ ಕಡೆಯ ಮಾತ್ಸುಯೆ ಕೋಟೆ ಊರಿನ ದೊಡ್ಡ ಸೇತುವೆ, ಓಹಾಶಿ, ಅಲ್ಲಿ ಗೆನ್ಸುಕೆ ಅನ್ನೋ ಬಡವನನ್ನ ನಡುಗಂಬದ ಕೆಳಗೆ ಹೂತರು ಅಂತಾರೆ, ಅವನ ತಪ್ಪೂ ಹಕಾಮಾದ ಹೊಲಿಗೆ ಬೇರೆ ಥರ ಇದ್ದಿದ್ದೇ. ಅದೇ ಸೇತುವೇನ 1930ರ ದಶಕದಲ್ಲಿ ಹೊಸದಾಗಿ ಕಟ್ಟೋವಾಗ ಒಬ್ಬ ಎಂಜಿನಿಯರ್ ಅಪಘಾತದಲ್ಲಿ ತೀರ್ಕೊಂಡ್ರು, ಅವರ ಸ್ಮಾರಕ ಗೆನ್ಸುಕೆಯ ಸ್ಮಾರಕದ ಪಕ್ಕದಲ್ಲೇ ಇದೆ. ಇಷ್ಟೂರಲ್ಲಿ ಒಂದೇ ಕಥೆ ಇದೆ ಅಂದ್ರೆ ಕಥೆ ಊರಿಂದ ಊರಿಗೆ ನಡ್ಕೊಂಡು ಬಂದಿದೆ ಅಂತ ಅರ್ಥ, ಕಿಂತಾಯ್‌ಕ್ಯೋ ಪಾಯದಲ್ಲಿ ಹುಡುಗಿಯರಿದ್ದಾರೆ ಅಂತ ನಾನು ನಂಬಲ್ಲ. ಆದ್ರೆ ಒಂದು ವಿಷಯ ಗಮನಿಸಿ, ಬಲಿಗೆ ಗುರುತು ಯಾವುದು? ತೇಪೆ. ತೇಪೆ ಯಾರ ಬಟ್ಟೆಗೆ ಇರುತ್ತೆ? ಬಡವರ ಬಟ್ಟೆಗೆ. ಕಥೆ ಕಟ್ಟಿದ ಜನಕ್ಕೆ ಅದು ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಸಲಹೆ ಕೊಟ್ಟವನ ಮೇಲೇ ಅದನ್ನ ತಿರುಗಿಸಿದ್ರು. ಕೊನೆಗೆ ಹೋಗಿದ್ದು ಮಾತ್ರ ಬಾಯಿ ಬಿಟ್ಟವನಲ್ಲ, ಅವನ ಹೆಣ್ಮಕ್ಕಳು, ಅದು ನನಗೆ ಈಗಲೂ ಸಿಟ್ಟು ತರಿಸುತ್ತೆ.

ಆ ಗೊಂಬೆ ಕಲ್ಲುಗಳು ಮಾತ್ರ ನಿಜ! ಸೇತುವೆ ಹತ್ತಿರದ ಅಂಗಡೀಲಿ ಮಾರ್ತಾರೆ, ಅದಕ್ಕೇ ಅಂತ ಒಂದು ಪುಟ್ಟ ಮ್ಯೂಸಿಯಮ್ಮೂ ಇದೆ. ನಾನು ಒಂದನ್ನ ಅಂಗೈ ಮೇಲೆ ಇಟ್ಕೊಂಡು ನೋಡಿದೆ. ಬೆರಳ ಉಗುರಿಗಿಂತ ಸ್ವಲ್ಪ ಉದ್ದ. ಮರಳಿನ ಕಾಳುಗಳನ್ನ ಅಂಟಿಸಿ ಮಾಡಿದ ಸಣ್ಣ ಕೊಳವೆ, ಅದರ ಎರಡು ಪಕ್ಕ ಸ್ವಲ್ಪ ದಪ್ಪ ಕಲ್ಲುಗಳು ಕಿಮೋನೋ ತೋಳಿನ ಹಾಗೆ, ತುದೀಲಿ ಬಾಯಿ ಮುಚ್ಚಿದ ಒಂದು ಉರುಟು ಕಲ್ಲು ತಲೆಯ ಹಾಗೆ. ದೂರ ಹಿಡಿದ್ರೆ ಕೈ ಮಡಚಿಕೊಂಡು ನಿಂತ ಹೆಂಗಸು ಅಂತಲೇ ಅನ್ಸುತ್ತೆ. ಇದನ್ನ ಮಾಡೋದು ಒಂದು ಹುಳ. ಕ್ಯಾಡಿಸ್ ನೊಣ ಅನ್ನೋ ಜಾತಿಯ ಮರಿಹುಳ ತನ್ನ ಬಾಯಿಂದ ಬರೋ ರೇಷ್ಮೆಯಂಥ ಅಂಟಲ್ಲಿ ಮರಳು ಸೇರಿಸಿ ಮೈಸುತ್ತ ಗೂಡು ಕಟ್ಕೊಳ್ಳುತ್ತೆ, ಹೊಳೆ ಎಳ್ಕೊಂಡು ಹೋಗದ ಹಾಗೆ ಪಕ್ಕಕ್ಕೆ ಭಾರದ ಕಲ್ಲು ಅಂಟಿಸ್ಕೊಳ್ಳುತ್ತೆ, ಕೋಶ ಆಗೋ ಹೊತ್ತಿಗೆ ತುದಿಗೆ ಕಲ್ಲಿಟ್ಟು ಮುಚ್ಚುತ್ತೆ. ಜಪಾನಲ್ಲಿ ಈ ಜಾತಿಯ ಹೆಸರಲ್ಲೇ ಗೊಂಬೆ ಅನ್ನೋ ಪದ ಇದೆ. ಹುಳ ರೆಕ್ಕೆ ಬಂದು ಹಾರಿಹೋದ ಮೇಲೆ ಉಳಿದ ಖಾಲಿ ಗೂಡನ್ನ ಆರಿಸಿ, ಅದರಲ್ಲಿ ಏಳು ಅದೃಷ್ಟ ದೇವರುಗಳನ್ನ, ದೊರೆಯ ಮೆರವಣಿಗೇನ ಮಾಡಿ ಜೋಡಿಸ್ತಾರೆ. ನೀರು ಎಳೀತಾ ಇದ್ದಾಗ ಬುಡಕ್ಕೆ ಕಲ್ಲು ಕಟ್ಕೊಂಡು ನಿಲ್ಲೋ ಹುಳ, ಅದೇ ಹೊಳೆಯ ತಳಕ್ಕೆ ಕಲ್ಲು ಹಾಸಿ ನಿಲ್ಲಿಸಿದ ಸೇತುವೆ! ನಾನು ಅಂಗಡೀಲಿ ಅದನ್ನ ಹಿಡ್ಕೊಂಡು ತುಂಬಾ ಹೊತ್ತು ನಿಂತಿದ್ದೆ.

1950ರ ಸೆಪ್ಟೆಂಬರ್ 14ಕ್ಕೆ ಕಿಜಿಯಾ ಅನ್ನೋ ಟೈಫೂನ್ ಬಂತು. ಹೊಳೆ ಏರ್ತಾ ಇದ್ದ ಹಾಗೆ ಊರಿನ ಜನ ದೊಡ್ಡ ದೊಡ್ಡ ಮರದ ಪೀಪಾಯಿಗಳನ್ನ ಹೊತ್ತು ತಂದು ಸೇತುವೆ ಮೇಲಿಟ್ಟು ನೀರು ತುಂಬಿದ್ರು, ಭಾರ ಹೆಚ್ಚಾದ್ರೆ ಕಮಾನು ಬಿಗಿಯಾಗುತ್ತೆ, ಕೊಚ್ಚಿ ಹೋಗಲ್ಲ ಅನ್ನೋ ಆಸೆ. ಆದ್ರೆ ಮೂರನೇ ಕಮಾನಿನ ಕಡೆ ಕಲ್ಲಿನ ಕಟ್ಟೆಯೇ ಕುಸೀತು, ಅಲ್ಲಿಂದ ಸೇತುವೆ ಹೋಯ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಮೇಲ್ಗಡೆ ಕಾಡು ಹಾಳಾಗಿತ್ತು, ಆಮೇಲೆ ಊರಲ್ಲಿದ್ದ ಅಮೆರಿಕನ್ ಸೇನಾ ಬೇಸ್‌ನ ರನ್‌ವೇ ದೊಡ್ಡದು ಮಾಡೋಕೆ ಹೊಳೆಯಿಂದ ರಾಶಿ ರಾಶಿ ಜಲ್ಲಿ ತೆಗೆದಿದ್ರು, ಬುಡ ಸಡಿಲ ಆಗಿದ್ದಕ್ಕೆ ಇವೇ ಕಾರಣ ಅಂತ ಅಲ್ಲಿ ಹೇಳ್ತಾರೆ. ಕಟ್ಟಿದವರು 1674ರಲ್ಲೇ ಕಲಿತಿದ್ದ ಪಾಠ ಅದು, ಹೊಳೆಯ ತಳ ಕಾಪಾಡಿದ್ರೆ ಮಾತ್ರ ಸೇತುವೆ ಅಂತ.

ಸರ್ಕಾರದ ಕಡೆಯಿಂದ ಕಾಂಕ್ರೀಟ್ ಸೇತುವೆ ಸಾಕು ಅನ್ನೋ ಮಾತು ಬಂತು. ಯುದ್ಧ ಸೋತು ಐದೇ ವರ್ಷ, ತಿನ್ನೋಕೇ ಕಷ್ಟ ಇದ್ದ ಕಾಲ, ಅಂಥದ್ರಲ್ಲೂ ಊರಿನವರು ಪಟ್ಟು ಹಿಡಿದು ಮರದ್ದೇ ಬೇಕು, ಹಳೇ ಥರಾನೇ ಬೇಕು ಅಂದ್ರು. 1953ಕ್ಕೆ ಮರದ ಸೇತುವೆ ಮತ್ತೆ ಎದ್ದಿತು, ಕಟ್ಟೆಗಳ ಒಳಗಡೆ ಮಾತ್ರ ಕಾಂಕ್ರೀಟ್, ಹೊರಗೆ ಕಲ್ಲು. ನನ್ನ ಪ್ರಕಾರ ಆ ರಾಜಿ ಸರಿಯಾದ್ದೇ, ಪಾಯ ಗಟ್ಟಿ ಇರ್ಲಿ, ಬಡಗಿಗೆ ಕೆಲಸ ಉಳೀಲಿ. ಆದ್ರೆ ಆಮೇಲೆ ಇಪ್ಪತ್ತು ವರ್ಷದ ಲೆಕ್ಕ ತಪ್ಪಿ ಹೋಯ್ತು, ಐವತ್ತು ವರ್ಷ ಯಾರೂ ಪೂರ್ತಿ ಬಿಚ್ಚಲಿಲ್ಲ. 2001ರಿಂದ 2004ರವರೆಗೆ, ನೀರು ಕಮ್ಮಿ ಇರೋ ಚಳಿಗಾಲಗಳಲ್ಲಿ, ಐದೂ ಕಮಾನು ಬಿಚ್ಚಿ ಹೊಸದಾಗಿ ಕಟ್ಟಿದ್ರು, ಸುಮಾರು 260 ಕೋಟಿ ಯೆನ್ ಆಯ್ತು. 1953ರಲ್ಲಿ ಕೆಲಸ ಮಾಡಿದ ಕೈಗಳು ಅಷ್ಟೊತ್ತಿಗೆ ಎಷ್ಟು ಉಳಿದಿರುತ್ತೆ ಹೇಳಿ, ಹಳೇ ನಕ್ಷೆ ನೋಡಿ, ಬಿಚ್ಚಿದ ಮರ ನೋಡಿ ಕಲಿಯಬೇಕಾಯ್ತು. 2005ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಟೈಫೂನ್ ಬಂದು ಮೊದಲನೇ ಕಮಾನಿನ ಎರಡು ಮರದ ಕಂಬದ ಸಾಲು ಕಿತ್ಕೊಂಡು ಹೋಯ್ತು (ತುದಿಯ ಎರಡು ಕಮಾನಿಗೆ ಮಾತ್ರ ಕೆಳಗೆ ಕಂಬ ಇದೆ), ಅದನ್ನೂ ಸರಿ ಮಾಡಿದ್ರು.

ಹೋಗೋರಿಗೆ ಒಂದೆರಡು ಮಾತು. ಗುಡ್ಡದ ಮೇಲೆ ಕಾಣೋ ಕೋಟೆ 1608ರದ್ದಲ್ಲ, 1962ರಲ್ಲಿ ಕಟ್ಟಿದ್ದು, ಅದೂ ಸೇತುವೆಯಿಂದ ಚೆನ್ನಾಗಿ ಕಾಣ್ಲಿ ಅಂತ ಮೂಲ ಜಾಗದಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ. ಮೂಲ ಪಾಯದ ಕಲ್ಲುಗಳು ಹತ್ತಿರದಲ್ಲೇ ಇವೆ, ರೋಪ್‌ವೇಯಲ್ಲಿ ಮೇಲೆ ಹೋದಾಗ ನೋಡಿ. ಕೆಳಗೆ ಪಾರ್ಕ್‌ನಲ್ಲಿ ಸಾಸಾಕಿ ಕೊಜಿರೋ ಅನ್ನೋ ಹೆಸರಾಂತ ಕತ್ತಿವೀರ ಉದ್ದ ಕತ್ತಿ ಹಿಡಿದು ನಿಂತ ಪ್ರತಿಮೆ ಇದೆ, ಈ ಸೇತುವೆ ಹತ್ತಿರ ಹಾರೋ ಕವಲುತೋಕೆ ಹಕ್ಕಿ ನೋಡಿ ಅವನು ತನ್ನ ಕತ್ತಿ ವರಸೆ ಕಲಿತ ಅನ್ನೋ ಕಥೆ ಕೇಳಿಸುತ್ತೆ, ಆದ್ರೆ ಕೊಜಿರೋ ಸತ್ತಿದ್ದು 1612ರಲ್ಲಿ, ಆಗ ಇಲ್ಲಿ ಈ ಸೇತುವೆಯೇ ಇರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಹೊತ್ತು ನೀರುಕಾಗೆ ಬಿಟ್ಟು ಮೀನು ಹಿಡಿಯೋದು ದೋಣೀಲಿ ಕೂತು ನೋಡಬಹುದು. ಸೇತುವೆ ದಾಟೋಕೆ ಟಿಕೆಟ್ ಇದೆ, ಆ ದುಡ್ಡು ಸೇತುವೆ ನೋಡ್ಕೊಳ್ಳೋಕೇ ಹೋಗುತ್ತೆ, ಖುಷಿಯಿಂದ ಕೊಡಿ. ಮಧ್ಯದ ಕಮಾನುಗಳು ಚೆನ್ನಾಗಿ ಏರಿಳಿತ ಇವೆ, ಮೆಟ್ಟಿಲೂ ಇದೆ, ಮಂಡಿ ನೋವಿರೋ ಅಪ್ಪ ಅಮ್ಮನ ಕರ್ಕೊಂಡು ಹೋದ್ರೆ ನಿಧಾನಕ್ಕೆ ದಾಟಿಸಿ, ಮಳೇಲಿ ಮರ ಜಾರುತ್ತೆ. ದಾಟಿದ ಮೇಲೆ ಮರೀದೆ ಹೊಳೆಗೆ ಇಳಿದು, ಮೂರನೇ ಕಮಾನಿನ ಕೆಳಗೆ ಹೋಗಿ, ಕಾಲ್ಕೆಳಗಿನ ಹಾಸುಗಲ್ಲು ನೋಡಿ, ಆಮೇಲೆ ತಲೆ ಎತ್ತಿ ತೊಲೆ ಎಣಿಸಿ.